ನಡುಗುವ ಮನಸ್ಸಿಗೆ ದಾರಿ ತೋರಿದ ದಾದಿ: ಫ್ಲಾರೆನ್ಸ್ ನೈಟಿಂಗೇಲ್



ಪಿಯುಸಿ ಮುಗಿಸಿ ನಮ್ಮ ಶೀಳನೆರೆ ಹೋಬಳಿಯಿಂದ ಮಂಡ್ಯಕ್ಕೋ ಮೈಸೂರಿಗೋ ನರ್ಸಿಂಗ್ ಓದಲು ಹೊರಡುವಾಗ ಮನಸ್ಸಿನಲ್ಲಿ ಎಷ್ಟು ಸಂತೋಷವಿರುತ್ತದೋ ಅಷ್ಟೇ ಅಳುಕೂ ಇರುತ್ತದೆ. ಹಾಸ್ಟೆಲ್ ಹೊಸದು, ಪಾಠವೆಲ್ಲ ಇಂಗ್ಲಿಷಿನಲ್ಲಿ. ವಾರ್ಡಿಗೆ ಕಾಲಿಟ್ಟರೆ ರಕ್ತ, ನರಳಾಟ, ಕೆಲವೊಮ್ಮೆ ಸಾವು. ಇದು ನನ್ನಿಂದಾಗದು ಎಂದು ಮೊದಲ ತಿಂಗಳಲ್ಲೇ ಅಮ್ಮಿಗೆ ಫೋನ್ ಮಾಡಿ ಅಳುವವರುಂಟು. ನೀವು ಅಂಥವರಾಗಿದ್ದರೆ, ದೀಪಧಾರಿಣಿ ಎಂದು ಪಾಠದಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಬದುಕನ್ನು ಇನ್ನೊಮ್ಮೆ ನೋಡಿ. ಅವರ ಮನಸ್ಸೂ ನಿಮ್ಮ ಮನಸ್ಸಿನಂತೆಯೇ ತಳಮಳಿಸಿತ್ತು.

ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದರು. ತಂದೆಯೇ ಮನೆಯಲ್ಲಿ ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದರು. ದೇವರು ತನ್ನನ್ನು ಸೇವೆಗೆ ಕರೆಯುತ್ತಿದ್ದಾನೆ ಎಂದು 16ನೆಯ ವಯಸ್ಸಿನಲ್ಲೇ ಅವರಿಗೆ ಅನ್ನಿಸಿತು. 1845ರಲ್ಲಿ ಸಾಲಿಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಕಲಿಯುತ್ತೇನೆ ಎಂದಾಗ ಮನೆಯವರು ಗಾಬರಿಯಾದರು. ಆ ಕಾಲದ ಇಂಗ್ಲೆಂಡಿನಲ್ಲಿ ದಾದಿಯರೆಂದರೆ ಕುಡಿತ ಮತ್ತು ಕೆಟ್ಟ ನಡತೆಯವರೆಂಬ ಹೆಸರಿತ್ತು. ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ಇಂಥ ವಿರೋಧ ಇಂದಿಗೂ ಕೆಲವು ಮನೆಗಳಲ್ಲಿದೆ. ಅಂಥ ಪೋಷಕರಿಗೆ ನಮ್ಮದೇ ಇತಿಹಾಸವನ್ನು ನೆನಪಿಸಬೇಕು. ಪ್ರವಾದಿ(ಸ)ರ ಕಾಲದಲ್ಲಿ, ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯಲ್ಲಿದ್ದ ಡೇರೆಯಲ್ಲಿ ಇರಿಸಿ ಉಪಚರಿಸಲಾಯಿತು. ಆ ಡೇರೆಯಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ರುಫೈದಾ ಅಲ್ ಅಸ್ಲಮಿಯ್ಯಾ(ರ) ಎಂಬ ಮಹಿಳೆ. ರೋಗಿಯ ಆರೈಕೆ ನಮಗೆ ಹೊಸದೂ ಅಲ್ಲ, ಕೀಳೂ ಅಲ್ಲ.

ಮನೆಯವರು ತಡೆದ ಆ ವರ್ಷಗಳಲ್ಲಿ ಫ್ಲಾರೆನ್ಸ್ ತೀವ್ರ ನಿರಾಶೆಗೆ ಒಳಗಾದರು. ಬದುಕೇ ಬೇಡವೆನಿಸಿದ ದಿನಗಳೂ ಇದ್ದವು. ಆದರೂ ಬೆಳಗಾಗುವ ಮುನ್ನ ಎದ್ದು, ದೀಪದ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನು ಗುಟ್ಟಾಗಿ ಓದುತ್ತಿದ್ದರು. 1851ರಲ್ಲಿ, 31ನೆಯ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿನ ಸೇವಾಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. ಬೆಳಗಿನ ಐದು ಗಂಟೆಗೆ ಏಳಬೇಕು, ಊಟ ಬಹಳ ಸಾದಾ, ದಿನವಿಡೀ ಕೆಲಸ. ಆದರೂ ಅವರಿಗೆ ಅಲ್ಲಿ ನೆಮ್ಮದಿ ಸಿಕ್ಕಿತು. ಪ್ರತಿ ಗಂಟೆಗೂ ಒಂದು ಕೆಲಸ, ಆ ಕೆಲಸಕ್ಕೊಂದು ಅರ್ಥ, ಪಕ್ಕದಲ್ಲಿ ಜೊತೆಗಾರರು ಇದ್ದರೆ ಭಯಕ್ಕೆ ಮನಸ್ಸಿನಲ್ಲಿ ಜಾಗ ಕಡಿಮೆಯಾಗುತ್ತದೆ.

ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರ್ 4ರಂದು, ಅವರು 38 ದಾದಿಯರೊಂದಿಗೆ ಉಸ್ಮಾನಿಯಾ ರಾಜಧಾನಿ ಇಸ್ತಾಂಬುಲ್‌ನ ಉಸ್ಕುದಾರ್ ತಲುಪಿದರು. ಅಲ್ಲಿನ ಸೆಲಿಮಿಯೆ ಸೇನಾ ಬ್ಯಾರಕ್ ಬ್ರಿಟಿಷ್ ಸೈನಿಕರ ಆಸ್ಪತ್ರೆಯಾಗಿತ್ತು. ವೈದ್ಯಾಧಿಕಾರಿಗಳಿಗೆ ಈ ಮಹಿಳೆಯರು ಬೇಕಿರಲಿಲ್ಲ. ಫ್ಲಾರೆನ್ಸ್ ಜಗಳಕ್ಕೆ ಇಳಿಯಲಿಲ್ಲ. ವೈದ್ಯರು ಕರೆಯುವ ತನಕ ಬಟ್ಟೆ ಹೊಲಿಯುವ, ವಸ್ತುಗಳನ್ನು ಅಣಿಗೊಳಿಸುವ ಕೆಲಸವನ್ನು ತಮ್ಮವರಿಗೆ ಕೊಟ್ಟು ಕಾದರು. ಕೆಲವೇ ದಿನಗಳಲ್ಲಿ ಗಾಯಾಳುಗಳು ತುಂಬಿ ಬಂದಾಗ ವೈದ್ಯರೇ ಕರೆದರು. ಹೊಸಬರೆಂದು ಯಾರಾದರೂ ನಿಮ್ಮನ್ನು ಕಡೆಗಣಿಸಿದಾಗ ಈ ಸಬ್ರ್ ನೆನಪಿರಲಿ.

ಆದರೆ ಅವರ ಬದುಕಿನಿಂದ ಕಲಿಯಬೇಕಾದ ಎಚ್ಚರಿಕೆಯೂ ಒಂದಿದೆ. ಅವರು ತಮಗೆ ವಿಶ್ರಾಂತಿ ಕೊಟ್ಟುಕೊಳ್ಳಲಿಲ್ಲ. 1855ರಲ್ಲಿ ತೀವ್ರ ಜ್ವರ ಬಂದು ಸಾವಿನ ಸಮೀಪ ಹೋದರು. ಮುಂದಿನ ಎಷ್ಟೋ ವರ್ಷ ಹಾಸಿಗೆಯಲ್ಲೇ ಇದ್ದು ಬರೆದರು, ಓದಿದರು, ಸರ್ಕಾರಕ್ಕೆ ಸಲಹೆ ಕೊಟ್ಟರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ನಿಧಿಯಿಂದ ದಾದಿಯರ ಶಾಲೆ ಆರಂಭವಾಯಿತು. ಅಲ್ಲಿ ಕಲಿಯುವವರಿಗೆ ಇರಲು ಸುರಕ್ಷಿತ ವಸತಿ ಮತ್ತು ಎಲ್ಲರೂ ಒಟ್ಟಿಗೆ ಕೂರುವ ಕೋಣೆ ಇದ್ದವು. ಕಲಿತದ್ದನ್ನು ದಿನಚರಿಯಲ್ಲಿ ಬರೆಯಬೇಕಿತ್ತು. 1872ರಿಂದ ಫ್ಲಾರೆನ್ಸ್ ವಿದ್ಯಾರ್ಥಿನಿಯರಿಗೆ ಪತ್ರಗಳನ್ನು ಬರೆದರು, ಅನೇಕರನ್ನು ಮನೆಗೆ ಕರೆದು ಮಾತನಾಡಿಸಿದರು. ತಮಗೆ ಎಳೆಯ ವಯಸ್ಸಿನಲ್ಲಿ ಸಿಗದ ಆಸರೆಯನ್ನು ಅವರು ಮುಂದಿನವರಿಗೆ ಒದಗಿಸಿದರು. 1910ರ ಆಗಸ್ಟ್ 13ರಂದು 90ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಹುಟ್ಟಿದ ದಿನವನ್ನು ಜಗತ್ತು ಇಂದು ದಾದಿಯರ ದಿನವೆಂದು ಆಚರಿಸುತ್ತದೆ.

ನರ್ಸಿಂಗ್ ಸೇರುತ್ತಿರುವ ಮಕ್ಕಳೇ, ಭಯವಾದ ಮಾತ್ರಕ್ಕೆ ನೀವು ಈ ಕೆಲಸಕ್ಕೆ ಅಯೋಗ್ಯರೆಂದು ತಿಳಿಯಬೇಡಿ. ಐದು ಹೊತ್ತಿನ ನಮಾಜಿನ ಸುತ್ತ ಓದು, ಊಟ, ನಿದ್ದೆಗೆ ಒಂದು ವೇಳಾಪಟ್ಟಿ ಹಾಕಿಕೊಳ್ಳಿ. ಇಡೀ ನಾಲ್ಕು ವರ್ಷದ ಚಿಂತೆ ಬಿಟ್ಟು ಇಂದಿನ ಪಾಠ ಮುಗಿಸಿ. ಕಷ್ಟದ ಇಂಗ್ಲಿಷ್ ಪದಗಳನ್ನು ದಿನಕ್ಕೆ ಐದರಂತೆ ಬರೆದುಕೊಳ್ಳಿ. ವಾರ್ಡಿನಲ್ಲಿ ಕಂಡದ್ದು ಮನಸ್ಸನ್ನು ಕಲಕಿದರೆ ಗೆಳತಿಗೋ ಟೀಚರಿಗೋ ಹೇಳಿ, ಒಳಗೇ ಇಟ್ಟುಕೊಳ್ಳಬೇಡಿ. ನಿದ್ದೆ, ಊಟ ಬಿಟ್ಟುಹೋಗಿ ಬದುಕೇ ಬೇಡವೆನಿಸಿದರೆ ತಡಮಾಡದೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಿ. ಸಹಾಯ ಕೇಳುವುದು ಈಮಾನಿನ ಕೊರತೆಯಲ್ಲ.

ಪೋಷಕರೇ, ಮಗಳು ಅಳುತ್ತಾ ಫೋನ್ ಮಾಡಿದಾಗ ಬೈಯಬೇಡಿ, ತಕ್ಷಣ ವಾಪಸ್ ಕರೆಯಲೂ ಬೇಡಿ. ಮೊದಲು ಅವಳ ಮಾತನ್ನು ಪೂರ್ತಿ ಕೇಳಿ, ಬಸ್ಸು ಹತ್ತಿ ಹೋಗಿ ಒಮ್ಮೆ ನೋಡಿ ಬನ್ನಿ. ಇನ್‌ಷಾ ಅಲ್ಲಾಹ್, ಇಂದು ಅಳುವ ಆ ಹುಡುಗಿಯೇ ನಾಳೆ ನಮ್ಮ ಊರಿನ ರೋಗಿಯ ಕಣ್ಣೀರು ಒರೆಸುತ್ತಾಳೆ.