ವಿಶ್ವೇಶ್ವರಯ್ಯ, ಒಂದು ಕೀ ವಾಚು ಮತ್ತು ನಾಲೆಯ ಕೊನೆಯ ಹೊಲ

ನಮ್ಮ ತಾತನ ವಾಚು ಹೋದ ತಿಂಗಳು ಮತ್ತೆ ಓಡಲು ಶುರು ಮಾಡಿತು. ಉದ್ದ ಚೌಕದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸ್ವಿಸ್ ವಾಚು. ಬ್ಯಾಟರಿ ಇಲ್ಲ, ದಿನಾ ಬೆಳಿಗ್ಗೆ ಕೀ ಕೊಡಬೇಕು. ಇಂಥವನ್ನು ಈಗ ಹಳೇ ವಾಚಿನ ಹುಚ್ಚಿರುವವರು ಊರೂರು ಹುಡುಕ್ತಾರೆ. ತಾತ ಮಾತ್ರ ಅದನ್ನು ಮದುವೆ, ಮುಂಜಿಗಷ್ಟೇ ಕಟ್ಟುತ್ತಿದ್ದರು. ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ರಿಪೇರಿಯವರು ಹಿಂದಿನ ಮುಚ್ಚಳ ಬಿಚ್ಚಿ, ತಮ್ಮ ಕಣ್ಣಿನ ಮಸೂರವನ್ನು ನನ್ನ ಕೈಗೇ ಕೊಟ್ಟು ನೋಡಲು ಹೇಳಿದರು.

ಒಳಗಿರುವುದು ಸರಳ ಲೆಕ್ಕ. ಡಬ್ಬಿಯೊಳಗೆ ಸುತ್ತಿದ ಒಂದು ಸ್ಪ್ರಿಂಗು. ತಡೆಯಿಲ್ಲದೆ ಬಿಟ್ಟರೆ ಕ್ಷಣದಲ್ಲಿ ಬಿಚ್ಚಿಕೊಂಡು ಮುಗಿಯುತ್ತದೆ. ಹಾಗಾಗದಂತೆ ಒಂದು ಹಲ್ಲುಚಕ್ರ, ಒಂದು ಪುಟ್ಟ ಸನ್ನೆ ಅದನ್ನು ತಡೆದು ಬಿಡುತ್ತಾ, ತಡೆದು ಬಿಡುತ್ತಾ ಹೋಗುತ್ತವೆ. ಇಂಥ ಹಳೇ ವಾಚುಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 18,000 ಸಲ. ಅದರಿಂದಲೇ ಒಂದು ಸಲದ ಕೀ ಒಂದೂವರೆ ದಿನ ಬರುತ್ತದೆ. ಇಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನಿಗೆ ಆ ಕ್ಷಣ ನೆನಪಾಗಿದ್ದು ಅಣೆಕಟ್ಟು. ಶಕ್ತಿಯನ್ನು ಕೂಡಿಡು, ಅಳೆದು ಬಿಡು. ಅಣೆಕಟ್ಟಿನ ಜೊತೆ ಸರ್ ಎಂ. ವಿಶ್ವೇಶ್ವರಯ್ಯನವರೂ ನೆನಪಾದರು.

ವಿಶ್ವೇಶ್ವರಯ್ಯ ಮತ್ತು ಗಡಿಯಾರ ಅಂದ ತಕ್ಷಣ ನಮಗೆ ಗೊತ್ತಿರುವುದು ಸಮಯಪಾಲನೆಯ ಕಥೆಗಳು. ಪ್ರತಿ ಸೆಪ್ಟೆಂಬರ್ 15ಕ್ಕೆ ವಾಟ್ಸಾಪ್‌ನಲ್ಲಿ ತಪ್ಪದೆ ಬರುತ್ತವೆ. ಅವರು ಶಿಸ್ತಿನ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕಥೆಗಳು ಅವರನ್ನು ವಾಚು ನೋಡಿಕೊಳ್ಳುವ ಮನುಷ್ಯನನ್ನಾಗಿ ಮಾತ್ರ ಮಾಡಿಬಿಟ್ಟಿವೆ. ಅವರ ನಿಜವಾದ ಕೆಲಸ ವಾಚಿನ ಒಳಗಡೆಯದು.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ಹುಡುಗ, ಚಿಕ್ಕ ವಯಸ್ಸಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಅಲ್ಲಿ ಅವರು ಮಾಡಿದ ಎರಡು ಕೆಲಸ ಗಮನಿಸಿ.

ಒಂದು, ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಹಾಕಿದ ಸ್ವಯಂಚಾಲಿತ ಗೇಟುಗಳು. ನೀರು ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುತ್ತವೆ, ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. ಇನ್ನೊಂದು, ನೀರಾವರಿಯ ಬ್ಲಾಕ್ ಪದ್ಧತಿ. ನಾಲೆಯ ತಲೆಯಲ್ಲಿದ್ದವರು ಕಬ್ಬು ಹಾಕಿ ನೀರೆಲ್ಲ ಎಳೆದುಕೊಂಡರೆ ಕೆಳಗಿನ ಹಳ್ಳಿಗಳ ಗತಿಯೇನು? ಅದಕ್ಕೆ ಜಮೀನನ್ನು ಬ್ಲಾಕುಗಳಾಗಿ ಗುರುತಿಸಿ, ಬೆಳೆಗಳನ್ನು ಸರದಿಯಲ್ಲಿ ತಿರುಗಿಸಿ, ಇರುವಷ್ಟೇ ನೀರು ಹೆಚ್ಚು ಹಳ್ಳಿಗೆ ಮುಟ್ಟುವ ವ್ಯವಸ್ಥೆ ಮಾಡಿದರು. ಕಾವೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆ ಭಾಗದ ರೈತರಿಗೆ ನೀರಿಲ್ಲ ಅನ್ನುವ ಸುದ್ದಿ ನಾನೇ ಎಷ್ಟು ಸಲ ಬರೆದಿದ್ದೇನೋ.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು. ಗಂಡಸರು ಇನ್ನೂ ಜೇಬಿನಲ್ಲಿ ಚೈನು ಗಡಿಯಾರ ಇಟ್ಟುಕೊಳ್ಳುತ್ತಿದ್ದ ಕಾಲ. ಕೈಗೆ ಕಟ್ಟುವ ಅಭ್ಯಾಸ ಹರಡಿದ್ದು ಮೊದಲ ಮಹಾಯುದ್ಧದ ನಂತರ, ಉದ್ದ ಚೌಕದ ವಾಚು ಫ್ಯಾಷನ್ ಆಗಿದ್ದು ಅದಕ್ಕೂ ಆಮೇಲೆ. ಮುಂದಿನ ಆರು ವರ್ಷದಲ್ಲಿ ಮೈಸೂರು ಕಂಡಿದ್ದನ್ನು ನೋಡಿ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಜೊತೆಗೆ 1911ರಲ್ಲೇ ಶುರುವಾಗಿದ್ದ ಕನ್ನಂಬಾಡಿ ಕಟ್ಟೆಯ ಕೆಲಸ. ಇದೆಲ್ಲಕ್ಕೂ ಹಣ, ಅಧಿಕಾರ, ಬೆಂಬಲ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ವಾಚಿಗೆ ಕೀ ಕೊಡುವ ಕೈ ಅದು. ಅದನ್ನು ಮರೆತು ಇಬ್ಬರಲ್ಲಿ ಯಾರು ದೊಡ್ಡವರು ಅಂತ ಜಗಳ ಆಡುವುದು ನಮ್ಮೂರಿನ ಹೊಸ ಚಾಳಿ.

ಈಗ ಕಷ್ಟದ ಭಾಗಕ್ಕೆ ಬರೋಣ. ಸರ್ಕಾರಿ ಹುದ್ದೆಗಳು ಹೆಚ್ಚಾಗಿ ಬ್ರಾಹ್ಮಣರ ಕೈಯಲ್ಲೇ ಇವೆ ಎಂಬ ದೂರನ್ನು 1917ರ ಹೊತ್ತಿಗೆ ಪ್ರಜಾಮಿತ್ರ ಮಂಡಳಿ ಗಟ್ಟಿಯಾಗಿ ಎತ್ತಿತು. ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಓದಿಗೆ ಸಹಾಯ ಕೊಡೋಣ, ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಲಿ ಅನ್ನುವುದು ಅವರ ನಿಲುವು. ಆ ವರ್ಷವೇ ಅವರು ಹುದ್ದೆ ಬಿಟ್ಟರು. 1921ರಲ್ಲಿ ಮೀಸಲಾತಿಯ ಆದೇಶ ಹೊರಟಿತು.

ಅವರು ಹಿಂದುಳಿದವರ ಓದಿಗೆ ಅಡ್ಡ ಬಂದವರಲ್ಲ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾಯ್ದೆ ತಂದಿದ್ದು ಅವರ ಕಾಲದಲ್ಲೇ. ಆದರೂ ನನಗೆ ಒಂದು ಪ್ರಶ್ನೆ ಬಿಡುವುದಿಲ್ಲ. ನೀರನ್ನು ಹಾಗೇ ಬಿಟ್ಟರೆ ನಾಲೆಯ ತಲೆಯಲ್ಲಿರುವವನೇ ಕುಡಿದು ಮುಗಿಸುತ್ತಾನೆ, ಸರದಿ ಗೊತ್ತು ಮಾಡಬೇಕು ಎಂದು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವರು ಅವರು. ಶಾಲೆ, ಇಂಗ್ಲಿಷು, ಊರಿನ ಸಂಪರ್ಕ ಎಲ್ಲವೂ ತಲೆಮಾರುಗಳಿಂದ ಯಾರ ಹೊಲದ ಪಕ್ಕ ಹರಿದಿತ್ತೋ ಅವರಿಗೇ ಹುದ್ದೆಯೂ ಸಿಗುತ್ತಿತ್ತು. ಆ ನಾಲೆಗೂ ಬ್ಲಾಕ್ ಪದ್ಧತಿ ಬೇಕು ಅಂತ ಅವರಿಗೆ ಯಾಕೆ ಅನಿಸಲಿಲ್ಲ? ಅರ್ಹತೆ ಅಂದರೆ ಮಳೆಯ ಹಾಗೆ ಎಲ್ಲರ ಮೇಲೂ ಸಮವಾಗಿ ಬೀಳುತ್ತದೆ ಎಂದು ನಂಬಿದ್ದರೇನೋ. ಅದು ನೀರಿನ ಹಾಗೆ ನಾಲೆ ತೋಡಿದ ಕಡೆಗೇ ಹರಿಯುತ್ತದೆ. ನನ್ನ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಅವರ ಫೋಟೋ ಇತ್ತು, ಈ ಪ್ರಶ್ನೆ ಇರಲಿಲ್ಲ.

ಮುನಿಸು ಇಟ್ಟುಕೊಳ್ಳದೆ 1923ರಲ್ಲಿ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸರಿಪಡಿಸಲು ಮತ್ತೆ ಬಂದರು. ಅವರು ಬಿಟ್ಟುಹೋದ ಕಟ್ಟೆ 1930ರ ದಶಕದ ಶುರುವಿನಲ್ಲಿ ಬೇರೆಯವರ ಕೈಯಲ್ಲಿ ಮುಗಿಯಿತು. 1955ರಲ್ಲಿ ಭಾರತರತ್ನ ಬಂತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೀ ಕೊಡುವ ಕೈಗಡಿಯಾರ ತಯಾರಿಸತೊಡಗಿದಾಗ ಅವರಿನ್ನೂ ಬದುಕಿದ್ದರು. ಕೈಗಾರಿಕೆಯೇ ದಾರಿ ಅಂತ ಜೀವಮಾನವಿಡೀ ಹೇಳಿದವರಿಗೆ ಅದಕ್ಕಿಂತ ಒಳ್ಳೆಯ ಕಾಣಿಕೆ ಇರಲಾರದು. ಮರುವರ್ಷ ಏಪ್ರಿಲ್‌ನಲ್ಲಿ, ನೂರು ದಾಟಿ, ತೀರಿಕೊಂಡರು. ಆ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು.

ರಿಪೇರಿಯವರು ವಾಚು ಕೊಡುವಾಗ ಎರಡು ಮಾತು ಹೇಳಿದರು. ಕೀ ತುಂಬಿದ ಮೇಲೆ ಬಲವಂತ ಮಾಡಬಾರದು, ಒಂದು ದಿನವೂ ಮರೆಯಬಾರದು. ವಿಶ್ವೇಶ್ವರಯ್ಯನವರ ಪ್ರತಿಮೆಗೆ ನಾವು ವರ್ಷಕ್ಕೊಮ್ಮೆ ಹಾರ ಹಾಕುತ್ತೇವೆ. ಅವರು ಕಟ್ಟಿದ ಬ್ಯಾಂಕು, ವಿಶ್ವವಿದ್ಯಾನಿಲಯ, ಕಾರ್ಖಾನೆಗಳಿಗೆ ಬೇಕಿದ್ದದ್ದು ದಿನದ ಕೀ. ಅದನ್ನು ಕೊಡುವವರು ಯಾರ ಮನೆಯಿಂದ ಬರುತ್ತಾರೆ, ನೀರು ಕೊನೆಯ ಹೊಲಕ್ಕೆ ಮುಟ್ಟಿತೇ ಅಂತ ಕೇಳುವುದೂ ಅವರಿಂದಲೇ ಕಲಿತ ಪಾಠ. ಅವರು ಕೇಳದೆ ಬಿಟ್ಟ ಕಡೆಯೂ ನಾವು ಕೇಳಬೇಕು.