ಮೂರು ಸಲ ಮುರಿದ ಫೋರ್ಕ್

ಟೂರ್ ಡಿ ಫ್ರಾನ್ಸ್ ಗೆದ್ದವರ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಎಷ್ಟು ಸಲ ಓದಿದರೂ ಯುಜೀನ್ ಕ್ರಿಸ್ಟೋಫ್ ಎಂಬ ಹೆಸರು ಸಿಗುವುದಿಲ್ಲ. ಹನ್ನೊಂದು ಸಲ ಆ ರೇಸಿಗೆ ಇಳಿದವನು, ಒಮ್ಮೆಯೂ ಗೆಲ್ಲಲಿಲ್ಲ. ಹಾಗಿದ್ದೂ ಫ್ರಾನ್ಸಿನಲ್ಲಿ ಅವನ ಹೆಸರಿನ ಫಲಕವಿದೆ, ಅದೂ ಒಂದು ಹಳ್ಳಿಯ ಕಮ್ಮಾರಸಾಲೆಗೆ. ಐಟಿಐನಲ್ಲಿ ಫಿಟ್ಟರ್ ಕೋರ್ಸ್ ಮುಗಿಸಿ ಅರ್ಜಿ ಮೇಲೆ ಅರ್ಜಿ ಹಾಕುತ್ತಾ ಕೂತಿರುವ ನನಗೆ ಇವನ ಕಥೆ ಹಿಡಿಸಲು ಕಾರಣ ಸೈಕಲ್ ಅಲ್ಲ, ಆ ಕುಲುಮೆ.

ಕ್ರಿಸ್ಟೋಫ್ ಹುಟ್ಟಿದ್ದು 1885ರ ಜನವರಿಯಲ್ಲಿ, ಪ್ಯಾರಿಸ್ ಪಕ್ಕದ ಮಲಕಾಫ್‌ನಲ್ಲಿ. ಕಲಿತದ್ದು ಬೀಗ ಮಾಡುವ ಕೆಲಸ. ಅರ, ಸುತ್ತಿಗೆ, ಕಬ್ಬಿಣ ಹಿಡಿದು ಬೆಳೆದ ಕೈ ಅದು. ಆಮೇಲೆ ಸೈಕಲ್ ರೇಸು ಹೊಟ್ಟೆಪಾಡಾಯಿತು, ಬೀಗದ ಕೆಲಸ ಹಿಂದೆ ಉಳಿಯಿತು. 1910ರಲ್ಲಿ ಇಟಲಿಯ ಮಿಲಾನ್–ಸ್ಯಾನ್ ರೆಮೊ ರೇಸನ್ನು ಹಿಮಪಾತದ ನಡುವೆ ಗೆದ್ದ. ದಾರಿಯಲ್ಲಿ ಚಳಿಗೆ ಮೈ ಮರಗಟ್ಟಿ ಒಂದು ಹೋಟೆಲಿನಲ್ಲಿ ಕಂಬಳಿ ಹೊದ್ದು ಬಿಸಿ ಮಾಡಿಕೊಂಡು ಮತ್ತೆ ಹೊರಟು, ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಸೈಕಲ್ ತುಳಿದಿದ್ದ. ಅಂದು ಹೊರಟ ಅರವತ್ತಕ್ಕೂ ಹೆಚ್ಚು ಮಂದಿಯಲ್ಲಿ ಗುರಿ ತಲುಪಿದವರು ಬೆರಳೆಣಿಕೆಯಷ್ಟೇ.

ಟೂರ್ ಡಿ ಫ್ರಾನ್ಸ್ ಎಂದರೆ ಒಂದು ದಿನದ ಓಟವಲ್ಲ, ವಾರಗಟ್ಟಲೆ ಹಂತ ಹಂತವಾಗಿ ನಡೆಯುವ ರೇಸು. ಈಗ ಎಲ್ಲ ಹಂತಗಳ ಒಟ್ಟು ಸಮಯ ಕೂಡಿಸಿ, ಕಡಿಮೆ ಸಮಯದವನೇ ವಿಜೇತ ಎನ್ನುತ್ತಾರೆ. 1912ರಲ್ಲಿ ಹಾಗಿರಲಿಲ್ಲ. ಪ್ರತಿ ಹಂತದಲ್ಲಿ ಎಷ್ಟನೆಯವನಾಗಿ ಬಂದೆ ಎಂಬುದಕ್ಕೆ ಮಾತ್ರ ಅಂಕ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ತೆಗೆದ ಮಾರ್ಕ್ಸ್ ಬಿಟ್ಟು ಬರೀ ರ‍್ಯಾಂಕ್ ಎಣಿಸಿದ ಹಾಗೆ. ಆ ವರ್ಷ ಕ್ರಿಸ್ಟೋಫ್ ಸತತ ಮೂರು ಹಂತ ಗೆದ್ದ. ಸಮಯದ ಲೆಕ್ಕ ಹಿಡಿದಿದ್ದರೆ ಕೊನೆಯ ಹಂತದವರೆಗೂ ಅವನೇ ಮುಂದಿರುತ್ತಿದ್ದ. ಅಂಕದ ಲೆಕ್ಕದಲ್ಲಿ ಗೆದ್ದದ್ದು ಬೆಲ್ಜಿಯಂನ ಒಡಿಲ್ ದೆಫ್ರೇ. ಕ್ರಿಸ್ಟೋಫ್ ಎರಡನೆಯವನಾದ. ಮರುವರ್ಷ ಆಯೋಜಕರು ನಿಯಮವನ್ನೇ ಬದಲಿಸಿ ಸಮಯದ ಲೆಕ್ಕಕ್ಕೆ ಮರಳಿದರು. ಈ ಸಲ ಅವನದೇ ಎಂದು ಯಾರಿಗಾದರೂ ಅನ್ನಿಸಬೇಕು.

1913ರ ಟೂರ್‌ನಲ್ಲಿ 15 ಹಂತ, ಒಟ್ಟು 5,000 ಕಿ.ಮೀ.ಗೂ ಹೆಚ್ಚು ದಾರಿ. ಆರನೇ ಹಂತ ಬಯೋನ್‌ನಿಂದ ಲೂಶೋನ್‌ಗೆ 326 ಕಿ.ಮೀ., ಪಿರನೀಸ್ ಪರ್ವತಗಳ ಮೇಲೆ. ನಸುಕಿನಲ್ಲಿ ಮೂರು ಗಂಟೆಗೇ ಹೊರಡಬೇಕು. ರಸ್ತೆಯೆಂದರೆ ಕಲ್ಲು, ಮಣ್ಣು. ಈಗಿನಂತೆ ಬೆರಳಲ್ಲಿ ಬದಲಿಸುವ ಗೇರ್ ಇಲ್ಲ; ಟೂರ್‌ನಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಎಲ್ಲಕ್ಕಿಂತ ಕಠಿಣವಾದದ್ದು ಒಂದು ನಿಯಮ: ಸೈಕಲ್ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಹೊರಗಿನವರು ಕೈ ಹಾಕುವಂತಿಲ್ಲ. ಬೇರೆ ಸೈಕಲ್ ಪಡೆಯುವಂತೆಯೂ ಇಲ್ಲ.

ಹಿಂದಿನ ವರ್ಷದ ವಿಜೇತ ದೆಫ್ರೇ ಆ ದಿನ ಬಹಳ ಹಿಂದೆ ಬಿದ್ದ. 2,115 ಮೀಟರ್ ಎತ್ತರದ ತೂರ್‌ಮಲೆ ಘಟ್ಟವನ್ನು (ಹೆಸರಲ್ಲೇ ನಮ್ಮ ‘ಮಲೆ’ ಇರುವುದು ಕಾಕತಾಳೀಯ ಬಿಡಿ) ಕ್ರಿಸ್ಟೋಫ್ ಹತ್ತಿ ಮುಗಿಸಿದಾಗ ಒಟ್ಟು ಲೆಕ್ಕದಲ್ಲಿ ಅವನೇ ಮುಂದೆ ಬಂದಿದ್ದ. ಇಳಿಜಾರಿನಲ್ಲಿ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮುರಿಯಿತು.

ಟೈರ್ ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬಹುದು. ಫೋರ್ಕ್ ಮುರಿದರೆ ಸೈಕಲ್ ಬರೀ ಕಬ್ಬಿಣದ ಹೊರೆ. ಅವನು ಅದನ್ನು ಹೆಗಲಿಗೇರಿಸಿ ಹತ್ತು ಕಿ.ಮೀ.ಗೂ ಹೆಚ್ಚು ನಡೆದ, ಅಳುತ್ತಾ. ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋದರು. ಘಟ್ಟದ ಕೆಳಗಿನ ಸೇಂತ್-ಮರಿ-ದ-ಕಂಪಾನ್ ಎಂಬ ಹಳ್ಳಿಯಲ್ಲಿ ಒಬ್ಬ ಹುಡುಗಿ ದಾರಿ ತೋರಿಸಿದಳು. ಹೋಗಿ ನಿಂತದ್ದು ಲೆಕೊಂತ್ ಎಂಬ ಕಮ್ಮಾರನ ಸಾಲೆಯಲ್ಲಿ.

ಇಲ್ಲಿ ನನ್ನ ಅನುಭವದ ಒಂದು ಮಾತು. ವರ್ಕ್‌ಶಾಪ್‌ನಲ್ಲಿ ಮೊದಲ ಸಲ ಕಾದ ಕಬ್ಬಿಣ ಬಡಿದಾಗ ನನಗೆ ಗೊತ್ತಾಗಿದ್ದು, ಅವಸರ ಮಾಡಿದರೆ ಕಬ್ಬಿಣ ಮಾತು ಕೇಳುವುದಿಲ್ಲ ಎಂಬುದು. ಸರಿಯಾದ ಬಣ್ಣಕ್ಕೆ ಕಾಯುವ ತನಕ ಕಾಯಬೇಕು. ತಣ್ಣಗಾದ ಮೇಲೆ ಬಡಿದರೆ ಬಿರುಕು ಬಿಡುತ್ತದೆ, ಹೆಚ್ಚು ಕಾದರೆ ಸುಟ್ಟು ಹೋಗುತ್ತದೆ. ತೆಳುವಾದ ಕೊಳವೆಯಾದರಂತೂ ಇನ್ನೂ ಕಷ್ಟ. ಒಂದು ಕಡೆ ಗಡಿಯಾರ ಓಡುತ್ತಿರುವಾಗ, ನೂರಾರು ಕಿ.ಮೀ. ತುಳಿದು ದಣಿದ ಕೈಯಲ್ಲಿ, ಮತ್ತೆ ಇಳಿಜಾರಿನಲ್ಲಿ ಜೀವವನ್ನೇ ನಂಬಿ ಬಿಡಬೇಕಾದ ಫೋರ್ಕನ್ನು ಬೆಸೆಯುವುದು ಏನೆಂದು ನಾನು ಊಹಿಸಬಲ್ಲೆ. ಕಮ್ಮಾರ ಬಾಯಲ್ಲಿ ಹೇಳಬಹುದಿತ್ತು ಅಷ್ಟೇ, ಸುತ್ತಿಗೆ ಮುಟ್ಟುವಂತಿರಲಿಲ್ಲ. ಬಾಗಿಲಲ್ಲಿ ರೇಸಿನ ಅಧಿಕಾರಿಗಳು ಕಾವಲು ನಿಂತಿದ್ದರು. ಬೀಗದ ಕೆಲಸ ಕಲಿತ ಹಳೆಯ ಕೈ ಆ ದಿನ ನೆರವಿಗೆ ಬಂತು. ಮೂರು ಗಂಟೆಗೂ ಹೆಚ್ಚು ಹಿಡಿಯಿತು. ಕೊನೆಗೆ ಫೋರ್ಕ್ ಕೂಡಿತು.

ಎರಡೂ ಕೈಗೆ ಕೆಲಸವಿದ್ದುದರಿಂದ ತಿದಿ ಒತ್ತಲು ಅಲ್ಲಿದ್ದ ಒಬ್ಬ ಹುಡುಗನ ಸಹಾಯ ಪಡೆದಿದ್ದ. ಅದೇ ತಪ್ಪಾಯಿತು. ಹೊರಗಿನವರ ನೆರವು ಎಂದು ಹತ್ತು ನಿಮಿಷದ ದಂಡ ಹಾಕಿದರು. ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರಂತೆ. ಮೂರೂವರೆ-ನಾಲ್ಕು ಗಂಟೆ ಕಳೆದುಕೊಂಡವನಿಗೆ ಹತ್ತಾದರೇನು, ಮೂರಾದರೇನು! ಆದರೂ ಓದುವಾಗ ನನಗೆ ಸಿಟ್ಟು ಬಂದದ್ದು ಫೋರ್ಕ್ ಮುರಿದದ್ದಕ್ಕಲ್ಲ, ಈ ದಂಡಕ್ಕೆ.

ಅವನು ಅಲ್ಲಿಗೇ ಬಿಡಲಿಲ್ಲ. ಮುಂದೆ ಇನ್ನೂ ಎರಡು ಘಟ್ಟಗಳಿದ್ದವು, ಆಸ್ಪಾನ್ ಮತ್ತು ಪೇರ್‌ಸೂರ್ದ್. ತಾನೇ ಬೆಸೆದ ಫೋರ್ಕ್ ಮೇಲೆ ಎರಡನ್ನೂ ದಾಟಿ ಲೂಶೋನ್ ಸೇರಿದ. ಆ ವರ್ಷ ಟೂರ್ ಗೆದ್ದದ್ದು ಫಿಲಿಪ್ ಟೀಸ್. ಕ್ರಿಸ್ಟೋಫ್ ಪ್ಯಾರಿಸ್ ತಲುಪಿದ, ಏಳನೆಯವನಾಗಿ.

ಮಹಾಯುದ್ಧ ಬಂತು. ಹಿಂದೆ ಟೂರ್ ಗೆದ್ದಿದ್ದ ಪೆಟಿ-ಬ್ರೆತೊನ್, ಫಾಬರ್, ಲಾಪೀಜ್ ಮೂವರೂ ಯುದ್ಧಕಾಲದಲ್ಲಿ ತೀರಿಕೊಂಡರು. 1919ರಲ್ಲಿ ರೇಸು ಮತ್ತೆ ಶುರುವಾದಾಗ ಕ್ರಿಸ್ಟೋಫ್‌ಗೆ ಮೂವತ್ತನಾಲ್ಕು. ಅಷ್ಟಾದರೂ ಮುಂದಿದ್ದ. ಮುಂದಿರುವವನನ್ನು ಜನ ಗುರುತಿಸಲಿ ಎಂದು ಆಯೋಜಕ ಹೆನ್ರಿ ದೆಗ್ರಾಂಜ್ ಆ ಜುಲೈ 19ರಂದು ಗ್ರೆನೋಬ್ಲ್‌ನಲ್ಲಿ ಅವನಿಗೆ ಹಳದಿ ಜೆರ್ಸಿ ತೊಡಿಸಿದ. ರೇಸು ನಡೆಸುತ್ತಿದ್ದ ಲೋತೋ ಪತ್ರಿಕೆಯ ಹಾಳೆ ಹಳದಿ ಬಣ್ಣದ್ದು. ಜನ ಕ್ಯಾನರಿ ಹಕ್ಕಿ ಎಂದು ಅವನನ್ನು ಛೇಡಿಸಿದರು. ಇಂದು ಜಗತ್ತಿನ ಸೈಕ್ಲಿಸ್ಟ್‌ಗಳೆಲ್ಲ ಕನಸು ಕಾಣುವ ಆ ಜೆರ್ಸಿಯನ್ನು ಅಧಿಕೃತವಾಗಿ ಮೊದಲು ತೊಟ್ಟವನು ಇವನೇ.

ಕೊನೆಗೆ ಎರಡೇ ಹಂತ ಉಳಿದಿದ್ದವು. ಎರಡನೆಯವನಾಗಿದ್ದ ಫಿರ್ಮಿನ್ ಲಾಂಬೊಗಿಂತ ಅರ್ಧ ಗಂಟೆಯ ಹತ್ತಿರದಷ್ಟು ಮುಂದಿದ್ದ. ಮೆಟ್ಜ್‌ನಿಂದ ಡಂಕರ್ಕ್‌ಗೆ 468 ಕಿ.ಮೀ. ದಾರಿ, ಯುದ್ಧದಲ್ಲಿ ನಜ್ಜುಗುಜ್ಜಾದ ನಾಡಿನ ನಡುವೆ. ವಲೆನ್ಸಿಯೆನ್ ಬಳಿಯ ಕಲ್ಲುಹಾಸಿನ ರಸ್ತೆಯಲ್ಲಿ ಫೋರ್ಕ್ ಮತ್ತೆ ಮುರಿಯಿತು. ಈ ಸಲ ಹತ್ತಿರದ ಸೈಕಲ್ ಕಾರ್ಖಾನೆಯೊಂದರಲ್ಲಿ ತಾನೇ ಸರಿಪಡಿಸಿಕೊಂಡ. ಒಂದು ಗಂಟೆಗೂ ಹೆಚ್ಚು ಹೊತ್ತು ಹೋಯಿತು, ಜೆರ್ಸಿಯೂ ಹೋಯಿತು. ಲಾಂಬೊ ಗೆದ್ದ, ಕ್ರಿಸ್ಟೋಫ್ ಮೂರನೆಯವನಾದ. ಮರುಕಗೊಂಡ ಓದುಗರು ಪತ್ರಿಕೆಗೆ ಹಣ ಕಳಿಸಿದರು. ಚಿಲ್ಲರೆ ಚಿಲ್ಲರೆಯಾಗಿ ಕೂಡಿದ ಆ ಮೊತ್ತ ಗೆದ್ದವನ ಬಹುಮಾನವನ್ನೇ ಮೀರಿತು.

1922ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಮತ್ತೆ ಹಳದಿ ಜೆರ್ಸಿ ತೊಟ್ಟ. ಗಾಲಿಬಿಯೆ ಘಟ್ಟದ ಇಳಿಜಾರಿನಲ್ಲಿ ಮೂರನೇ ಸಲ ಫೋರ್ಕ್ ಮುರಿಯಿತು. ಇದನ್ನು ಓದಿದಾಗ ನಾನು ನಕ್ಕುಬಿಟ್ಟೆ, ಆಮೇಲೆ ನಾಚಿಕೆಯಾಯಿತು.

ಕ್ರಿಸ್ಟೋಫ್‌ನನ್ನು ಬರೀ ದುರದೃಷ್ಟದ ಮನುಷ್ಯ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. 1920ರಲ್ಲಿ ಬೋರ್ಡೊ–ಪ್ಯಾರಿಸ್, ಪ್ಯಾರಿಸ್–ತೂರ್ ಎರಡನ್ನೂ ಗೆದ್ದ. ಕೆಸರಿನಲ್ಲಿ ಸೈಕಲ್ ಹೊತ್ತು ಓಡುವ ಸೈಕ್ಲೋಕ್ರಾಸ್‌ನಲ್ಲಿ ಏಳು ಸಲ ಫ್ರಾನ್ಸಿನ ಚಾಂಪಿಯನ್ ಆಗಿದ್ದ. ಟೂರ್‌ಗೆ ಕೊನೆಯ ಸಲ ಇಳಿದದ್ದು 1925ರಲ್ಲಿ, ನಲವತ್ತರ ವಯಸ್ಸಿನಲ್ಲಿ. ಪೆಡಲಿಗೆ ಪಾದವನ್ನು ಬಿಗಿಯುವ ಕ್ಲಿಪ್ಪು, ಪಟ್ಟಿಗಳು ಅವನ ಹೆಸರಿನಲ್ಲೇ ಮಾರಾಟವಾದವು. ಅವನ ಫೋರ್ಕ್ ಕಥೆ ಕೇಳದ ಸವಾರರ ಕಾಲಿಗೂ ಕ್ರಿಸ್ಟೋಫ್ ಎಂಬ ಹೆಸರು ತಗುಲಿಕೊಂಡಿತ್ತು.

1951ರಲ್ಲಿ ಸೇಂತ್-ಮರಿ-ದ-ಕಂಪಾನ್‌ನ ಆ ಸಾಲೆಗೆ ಫಲಕ ಹಾಕಿದಾಗ ಅರವತ್ತಾರರ ಕ್ರಿಸ್ಟೋಫ್ ಅಲ್ಲಿಗೆ ಮರಳಿ ಬಂದ. ಅಂದಿನ ದೃಶ್ಯವನ್ನು ಮತ್ತೊಮ್ಮೆ ನಟಿಸಿ ತೋರಿಸಿದ. 1970ರ ಫೆಬ್ರುವರಿ 1ರಂದು ತೀರಿಕೊಂಡ, ಎಂಬತ್ತೈದರಲ್ಲಿ. ಈ ಸಲ ತಿದಿ ಯಾರು ಒತ್ತಿದರೂ ದಂಡ ಹಾಕುವವರು ಬಾಗಿಲಲ್ಲಿ ಇರಲಿಲ್ಲ.