ಚನ್ನಪ್ಪ ಉತ್ತಂಗಿ

ರೆವರೆಂಡ್ ಚನ್ನಪ್ಪ ಉತ್ತಂಗಿ (28 ಅಕ್ಟೋಬರ್ 1881 – 28 ಆಗಸ್ಟ್ 1962) ಕ್ರೈಸ್ತ ಸಭಾಪಾಲಕರು, ವಚನ ಸಾಹಿತ್ಯದ ಸಂಶೋಧಕರು ಹಾಗೂ ಗ್ರಂಥಸಂಪಾದಕರು. ಉತ್ತರ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಇವರು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ತಿರುಳ್ಗನ್ನಡದ ತಿರುಕ ಎಂಬ ಹೆಸರಿನಿಂದಲೂ ಇವರು ಪ್ರಸಿದ್ಧರು.

ಜನನ ಮತ್ತು ಶಿಕ್ಷಣ

ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ. ತಂದೆ ದಾನಿಯೇಲಪ್ಪ, ತಾಯಿ ಸುಭದ್ರವ್ವ. ತಂದೆಯ ಹೆಸರು ಬೈಬಲಿನದು, ತಾಯಿಯ ಹೆಸರು ಮಹಾಭಾರತದ್ದು, ಮಗನ ಹೆಸರು ಬಸವಣ್ಣನ ಬಂಧು ಚನ್ನಬಸವಣ್ಣನನ್ನು ನೆನಪಿಸುವಂಥದು. ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದಿಂದ ಮನೆತನಕ್ಕೆ ಈ ಹೆಸರು ಬಂದಿತು. ಪೂರ್ವಿಕರು ಲಿಂಗಾಯತರಾಗಿದ್ದು ಅನಂತರ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದವರು. ಚನ್ನಪ್ಪನವರ ಮುಂದಿನ ಬರವಣಿಗೆಯನ್ನು ಅರಿಯಲು ಈ ಹಿನ್ನೆಲೆ ಅಗತ್ಯ.

ಸ್ವಿಟ್ಜರ್ಲೆಂಡಿನಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ ಕೆಲವು ವರ್ಷಗಳಲ್ಲಿಯೇ ಧಾರವಾಡ, ಹುಬ್ಬಳ್ಳಿಗಳಿಗೂ ಬಂದಿತ್ತು. ಅದರ ಪಾದ್ರಿಗಳಾದ ಹರ್ಮನ್ ಮೋಗ್ಲಿಂಗ್ ಮತ್ತು ಫರ್ಡಿನೆಂಡ್ ಕಿಟೆಲ್ ಕನ್ನಡದ ಹಳೆಯ ಕೃತಿಗಳನ್ನು ಅಚ್ಚಿಗೆ ತಂದವರು. ಕಿಟೆಲ್ ನಿಘಂಟು ಮಂಗಳೂರಿನ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದಾಗ ಚನ್ನಪ್ಪನವರು ಹದಿಹರೆಯದ ಬಾಲಕರು. ಅವರು ಧಾರವಾಡದಲ್ಲಿ ಮಿಷನ್ ಶಾಲೆಯ ಶಿಕ್ಷಣವನ್ನು ಮುಗಿಸಿ, ಮಂಗಳೂರಿನ ಬಾಸೆಲ್ ಮಿಷನ್ ದೈವಜ್ಞಾನ ಶಾಲೆಯಲ್ಲಿ ಸಭಾಪಾಲಕ ವೃತ್ತಿಗೆ ತರಬೇತಿ ಪಡೆದರು. ಕಿಟೆಲ್ ಮತ್ತು ಮೋಗ್ಲಿಂಗ್ ಕನ್ನಡವನ್ನು ಹೊರಗಿನಿಂದ ಬಂದು ಕಲಿತರು. ಅದೇ ಪರಂಪರೆಯಲ್ಲಿ ಬೆಳೆದ ಉತ್ತಂಗಿಯವರಿಗೆ ಅದು ಮನೆಯ ಭಾಷೆಯಾಗಿತ್ತು.

ಸಭಾಪಾಲಕರಾಗಿ

ಹುಬ್ಬಳ್ಳಿಯೂ ಸೇರಿದಂತೆ ಬಾಂಬೆ ಕರ್ನಾಟಕದ ಸಭೆಗಳಲ್ಲಿ ಉತ್ತಂಗಿಯವರು ಸೇವೆ ಸಲ್ಲಿಸಿದರು. ಅಂದಿನ ಸಭಾಪಾಲಕನ ಕೆಲಸ ಭಾನುವಾರದ ಆರಾಧನೆಗೆ ಸೀಮಿತವಾಗಿರಲಿಲ್ಲ. ಮದುವೆ, ದೀಕ್ಷಾಸ್ನಾನ, ಮಣ್ಣು ಮಾಡುವುದು, ರೋಗಿಗಳ ಭೇಟಿ, ಸಭೆಯ ಕುಟುಂಬಗಳ ಜಗಳದ ತೀರ್ಮಾನ, ಶಾಲೆಯ ಮೇಲ್ವಿಚಾರಣೆ, ಸುತ್ತಣ ಹಳ್ಳಿಗಳ ಸಂತೆ ಜಾತ್ರೆಗಳಲ್ಲಿ ಬೋಧನೆ ಇವೆಲ್ಲ ಅವನ ಪಾಲಿಗೆ ಬರುತ್ತಿದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿರಿಸಿ ದೇಶದಿಂದ ಹೊರಗೆ ಕಳುಹಿಸಿದ ಮೇಲೆ ಸಭೆಗಳ ಹೊಣೆ ಹೆಚ್ಚಾಗಿ ದೇಶೀಯ ಸಭಾಪಾಲಕರ ಹೆಗಲಿಗೆ ಬಿದ್ದಿತು. ಉತ್ತಂಗಿಯವರ ಪೀಳಿಗೆ ನೆಲೆಗೊಂಡದ್ದು ಈ ಸಂದರ್ಭದಲ್ಲಿ.

ಕ್ರೈಸ್ತನಾಗುವುದೆಂದರೆ ತನ್ನ ನಾಡಿನ ಸಂಪತ್ತನ್ನು ಬಿಟ್ಟುಕೊಡುವುದೆ ಎಂಬ ಪ್ರಶ್ನೆ ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಸಭೆಯ ಹಲವು ಮನೆಗಳು ಒಂದೆರಡು ತಲೆಮಾರಿನ ಹಿಂದೆ ಬೇರೆ ಸಮುದಾಯಗಳಿಂದ ಬಂದವುಗಳೇ. ಸುತ್ತಲಿನವರು ಅವರನ್ನು ಪರಕೀಯರ ಮತಕ್ಕೆ ಹೋದವರೆಂದು ಕಾಣುವ ಸಾಧ್ಯತೆ ಸದಾ ಇತ್ತು. ಉತ್ತಂಗಿಯವರು ಯೇಸುವಿನಲ್ಲಿ ತಮ್ಮ ನಂಬಿಕೆಯನ್ನು ಎಂದೂ ಮರೆಮಾಚಲಿಲ್ಲ. ಆದರೆ ಶರಣರ ಮಾತು ತಮಗೆ ಸೇರಿದ್ದಲ್ಲವೆಂದು ಒಪ್ಪಿಕೊಳ್ಳಲೂ ಇಲ್ಲ.

ಸರ್ವಜ್ಞನ ವಚನಗಳ ಸಂಗ್ರಹ

ಉತ್ತಂಗಿಯವರ ಹೆಸರನ್ನು ಉಳಿಸಿರುವ ಕೆಲಸವೆಂದರೆ 1924ರಲ್ಲಿ ಪ್ರಕಟವಾದ ಸರ್ವಜ್ಞನ ವಚನಗಳು. ಕನ್ನಡ ನಾಡಿನ ಮೂಲೆಮೂಲೆಯಲ್ಲಿ ಜನರ ನಾಲಗೆಯ ಮೇಲಿದ್ದ ಈ ಕವಿಯ ಕಾಲ, ಊರು, ಜೀವನ ಯಾವುದೂ ಸ್ಪಷ್ಟವಾಗಿರಲಿಲ್ಲ. ಅವನು ಕೋಟಿಗಟ್ಟಲೆ ವಚನಗಳನ್ನು ಹೇಳಿದನೆಂಬ ಪ್ರತೀತಿಯೂ ಇತ್ತು. ತ್ರಿಪದಿಯು ಮೂರೇ ಸಾಲುಗಳ ಛಂದಸ್ಸು. ಬಾಯಿಪಾಠಕ್ಕೆ ಸುಲಭ, ಕಟ್ಟುವುದೂ ಸುಲಭ. ಕೊನೆಯಲ್ಲಿ ಸರ್ವಜ್ಞ ಎಂಬ ಅಂಕಿತ ಸೇರಿಸಿದರೆ ಯಾರ ಪದ್ಯವಾದರೂ ಅವನದಾಗಿಬಿಡುತ್ತಿತ್ತು. ಒಂದೇ ಪದ್ಯ ಒಂದು ಊರಿನಲ್ಲಿ ಒಂದು ಬಗೆ, ಇನ್ನೊಂದು ಊರಿನಲ್ಲಿ ಇನ್ನೊಂದು ಬಗೆ.

ಉತ್ತಂಗಿಯವರು ಓಲೆಗರಿಯ ಮತ್ತು ಕಾಗದದ ಪ್ರತಿಗಳನ್ನು ಹುಡುಕಿ ತಂದರು, ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡರು, ಪಾಠಾಂತರಗಳನ್ನು ಹೋಲಿಸಿದರು. ಹೀಗೆ ಕೂಡಿಬಂದ ಸುಮಾರು 2000 ತ್ರಿಪದಿಗಳನ್ನು ವಿಷಯಾನುಸಾರ ವಿಂಗಡಿಸಿ, ಕವಿಯ ಜೀವನ ಮತ್ತು ವಿಚಾರಗಳನ್ನು ಕುರಿತ ವಿಸ್ತಾರವಾದ ಪ್ರಸ್ತಾವನೆಯೊಡನೆ ಅಚ್ಚು ಹಾಕಿಸಿದರು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಶರಣರ ವಚನಗಳನ್ನು ಬೆಳಕಿಗೆ ತರುತ್ತಿದ್ದುದೂ ಇದೇ ವರ್ಷಗಳಲ್ಲಿ. ಇಬ್ಬರಿಗೂ ವಿಶ್ವವಿದ್ಯಾನಿಲಯದ ಬೆಂಬಲವಿರಲಿಲ್ಲ. ಒಬ್ಬರು ವಕೀಲರು, ಇನ್ನೊಬ್ಬರು ಪಾದ್ರಿ.

ಜಾತಿಯ ಅಹಂಕಾರ, ಢಾಂಭಿಕ ಭಕ್ತಿ, ಜಿಪುಣತನಗಳನ್ನು ಗೇಲಿ ಮಾಡುವ, ದಾನ, ಸತ್ಯ, ದುಡಿಮೆಗಳನ್ನು ಹೊಗಳುವ ಕವಿಯಲ್ಲಿ ಬೈಬಲಿನ ಜ್ಞಾನೋಕ್ತಿಗಳನ್ನು ಓದಿ ಬೆಳೆದ ಪಾದ್ರಿಗೆ ಪರಿಚಿತವಾದ ದನಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಸರ್ವಜ್ಞನನ್ನು ಕ್ರೈಸ್ತನ ಹತ್ತಿರಕ್ಕೆ ಎಳೆದು ತರುವುದು ಅವರ ಸಂಪಾದನೆಯ ಗುರಿಯಾಗಿರಲಿಲ್ಲ. ಶಿವಭಕ್ತಿಯ, ಗುರುಮಹಿಮೆಯ ತ್ರಿಪದಿಗಳು ಈ ಸಂಗ್ರಹದಲ್ಲಿ ತಮ್ಮ ಸ್ಥಾನವನ್ನು ಪಡೆದಿವೆ. ಈ ಗ್ರಂಥ ಅನೇಕ ಬಾರಿ ಮರುಮುದ್ರಣಗೊಂಡಿದೆ. ಮುಂದಿನ ಸಂಪಾದಕರು ಕೆಲವು ಪದ್ಯಗಳನ್ನು ಪ್ರಕ್ಷಿಪ್ತವೆಂದು ಬಿಟ್ಟಿರಬಹುದು, ಪಾಠಗಳನ್ನು ತಿದ್ದಿರಬಹುದು. ಆದರೂ ಸರ್ವಜ್ಞನ ಅಧ್ಯಯನ ಇಲ್ಲಿಂದಲೇ ಆರಂಭವಾಗುತ್ತದೆ.

ಧರ್ಮಗಳ ನಡುವೆ

ಸರ್ವಜ್ಞನಿಗಿಂತ ಮೊದಲೇ, 1921ರಲ್ಲಿ, ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಕೃತಿಯನ್ನು ಉತ್ತಂಗಿಯವರು ಬರೆದಿದ್ದರು. ಹಿಂದೂ ಚಿಂತನೆಯ ಕೇಂದ್ರವಾದ ಕಾಶಿಗೆ ಯೇಸುವಿನ ಹುಟ್ಟೂರು ವಿನಂತಿ ಸಲ್ಲಿಸುತ್ತದೆ ಎಂಬ ಕಲ್ಪನೆಯೇ ಗಮನಾರ್ಹ. ಅಲ್ಲಿರುವುದು ಖಂಡನೆಯಲ್ಲ, ವಿನಂತಿ. ಎದುರು ಪಕ್ಷದ ದೇವರನ್ನು ಹೀಗಳೆಯುವ ಪ್ರಚಾರ ಪುಸ್ತಿಕೆಗಳು ಎಲ್ಲ ಕಡೆಯಿಂದಲೂ ಹೊರಬರುತ್ತಿದ್ದ ಕಾಲದಲ್ಲಿ ಈ ಧಾಟಿ ಅಪರೂಪದ್ದು. ಬಸವೇಶ್ವರನು ಅಸ್ಪೃಶ್ಯರ ಉದ್ಧಾರಕ್ಕಾಗಿ ಮಾಡಿದ ಕೆಲಸವನ್ನು ಕುರಿತೂ ಅವರು ಬರೆದರು. ಮೋಳಿಗೆಯ ಮಾರಯ್ಯ ಮತ್ತು ಅವನ ಪತ್ನಿ ಮಹಾದೇವಿಯ ವಚನಗಳನ್ನು ಸಂಪಾದಿಸಿದರು.

ಅನುಭವ ಮಂಟಪದ ಚರ್ಚೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುವಿನ ಅಧ್ಯಕ್ಷತೆಯಲ್ಲಿ ಶರಣರು ಸೇರಿ ಅನುಭಾವಗೋಷ್ಠಿ ನಡೆಸಿದರೆಂಬುದು ಪರಂಪರೆಯ ನಂಬಿಕೆ. ಇಂಥ ಸಂಸ್ಥೆಯೊಂದು ನಿಜವಾಗಿಯೂ ಇತ್ತೆ, ಅಥವಾ ಅದು ಶೂನ್ಯಸಂಪಾದನೆಯಂತಹ ಅನಂತರದ ಕೃತಿಗಳ ಕಲ್ಪನೆಯೆ ಎಂಬ ಸಂಶಯ ವಿದ್ವಾಂಸರಲ್ಲಿ ಎದ್ದಿತು. 1951ರಲ್ಲಿ ಪ್ರಕಟವಾದ ಅನುಭವ ಮಂಟಪದ ಐತಿಹಾಸಿಕತೆ ಎಂಬ ಗ್ರಂಥದಲ್ಲಿ ಉತ್ತಂಗಿಯವರು ವಚನಗಳ ಒಳಗಿನ ಆಧಾರಗಳನ್ನೇ ಮುಂದಿಟ್ಟು ಅದರ ಅಸ್ತಿತ್ವವನ್ನು ಸಮರ್ಥಿಸಿದರು. ಚರ್ಚೆ ಅಲ್ಲಿಗೆ ಮುಗಿಯಲಿಲ್ಲ, ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಲಿಂಗಾಯತ ಪರಂಪರೆಗೆ ಅತ್ಯಂತ ಪ್ರಿಯವಾದ ಸಂಸ್ಥೆಯ ಪರವಾಗಿ ಎಪ್ಪತ್ತು ವರ್ಷದ ಕ್ರೈಸ್ತ ಪಾದ್ರಿಯೊಬ್ಬರು ವಾದ ಹೂಡಿದ್ದು ಮಾತ್ರ ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ವಿಶಿಷ್ಟ ಘಟನೆ.

ಕಲಬುರ್ಗಿ ಸಮ್ಮೇಳನ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. ಮರುವರ್ಷವೇ ಅದರ ಕನ್ನಡ ಜಿಲ್ಲೆಗಳ ಮುಖ್ಯ ನಗರವಾದ ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿತು. ನಿಜಾಮನ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದ ಆ ಪ್ರದೇಶದಲ್ಲಿ ಕನ್ನಡದ ಶಾಲೆ, ಪತ್ರಿಕೆಗಳು ಬಹುಕಾಲ ಕಷ್ಟದಲ್ಲಿದ್ದವು. ಹಾಗಾಗಿ ಈ ಸಮ್ಮೇಳನಕ್ಕೆ ವಾಡಿಕೆಯ ವಾರ್ಷಿಕ ಸಭೆಗಿಂತ ಹೆಚ್ಚಿನ ಮಹತ್ವವಿತ್ತು. ಅದರ ಅಧ್ಯಕ್ಷ ಪೀಠಕ್ಕೆ ಉತ್ತಂಗಿಯವರು ಆಯ್ಕೆಯಾದರು. ಸಮ್ಮೇಳನದ ಇತಿಹಾಸದಲ್ಲಿ ಆ ಸ್ಥಾನಕ್ಕೇರಿದ ಮೊದಲ ಕ್ರೈಸ್ತರು ಅವರು.

ಬಾಂಬೆ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದು ರಾಜ್ಯವಾದುದನ್ನು ಅವರು ಕಂಡರು. ಆಗ ಅವರಿಗೆ 75 ವರ್ಷ. ಆರು ವರ್ಷಗಳ ಅನಂತರ, 1962ರ ಆಗಸ್ಟ್ 28ರಂದು ನಿಧನರಾದರು.